ಸ್ವಾಮೇರನ್ನು ಕೆಡವುವವರು ಬೇಕಾಗಿದ್ದಾರೆ

ಆಳಂದದ ನಿಲ್ದಾಣಕ್ಕೆ ಅಫಜಲಪುರದ ಬಸ್ಸು ಬಂದರೆ ಊರೆಲ್ಲ ಬಾಗಿಲಿಗೆ ನುಗ್ಗುತ್ತದೆ. ಶಾಂತಲಿಂಗಪ್ಪ ಮಾತ್ರ ನುಗ್ಗುವುದಿಲ್ಲ. ಬೇವಿನ ಗಿಡದ ಕೆಳಗೆ ಕೈಕಟ್ಟಿ ನಿಂತು ನುಗ್ಗುವವರ ಕಾಲುಗಳನ್ನು ನೋಡುತ್ತಾನೆ. ಈ ಕಾರಣಕ್ಕೆ ಕಂಡಕ್ಟರುಗಳಿಂದ ಹಲವು ಸಲ, ಒಬ್ಬ ಹೆಣ್ಣುಮಗಳ ಅಣ್ಣನಿಂದ ಒಂದು ಸಲ ಬೈಸಿಕೊಂಡಿದ್ದಾನೆ. ತಾನು ನೋಡುವುದು ಕಬಡ್ಡಿಗಾಗಿ ಎಂದು ಎಷ್ಟು ವಿವರಿಸಿದರೂ ಯಾರೂ ನಂಬಲಿಲ್ಲ. ನಂಬುವಂಥ ಮಾತೂ ಅಲ್ಲ ಬಿಡಿ.

ಅವನ ಹೊಟ್ಟೆಪಾಡು ಪಂಪು-ಪೈಪಿನ ಅಂಗಡಿ. ಜೀವ ಮಾತ್ರ ಕಬಡ್ಡಿಯಲ್ಲಿ. ಟಿವಿಯಲ್ಲಿ ಬರುವಂಥ ವೃತ್ತಿಪರ ತಂಡವೊಂದಕ್ಕೆ ಆಳಂದ, ಅಫಜಲಪುರ, ಜೇವರ್ಗಿಯ ಕಾಲೇಜುಗಳಿಂದ ರೈಡರುಗಳನ್ನು ಹುಡುಕಿಕೊಡುವುದು ಅವನು ತಾನಾಗಿ ಮೈಮೇಲೆ ಎಳೆದುಕೊಂಡ ಕೆಲಸ. ಸಂಬಳವಿಲ್ಲ. ತಂಡದವರು ಒಂದು ಟೀ ಶರ್ಟು ಕೊಟ್ಟಿದ್ದರು. ಅದು ಅವನ ಹೊಟ್ಟೆಯ ಮೇಲೆ ಇಳಿಯಲೊಲ್ಲದು ಎಂದು ತಿಳಿದ ದಿನದಿಂದ ಹೆಂಡತಿ ಶಿವಕಾಂತಾ ಅದರಲ್ಲಿ ಸ್ಕೂಟರು ಒರೆಸುತ್ತಾಳೆ.

ಅವನ ಅಂಗಡಿಗೆ ಒತ್ತಿಕೊಂಡೇ ನನ್ನ ಕನ್ನಡಕದ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅಂದರೆ ಹೆಚ್ಚುಕಡಿಮೆ ಇಡೀ ದಿನ, ನಾನು ಅವನ ಸಿದ್ಧಾಂತ ಕೇಳುತ್ತ ಕೂರುತ್ತೇನೆ.

"ಬಸ್ಸಿನ ಬಾಗಿಲಾಗ ಎಲ್ಲಿ ಸಂದು ಬೀಳ್ತದ ಅನ್ನೋದು ಬೀಳೋದ್ಕಿಂತ ಮೊದಲೇ ಕಾಣಬೇಕು ಲೇ. ಕಂಡ ಕೂಡ್ಲೇ ಮೊದಲನೇ ಹೆಜ್ಜಿ ಒಳಗ ಹೋಗಿರಬೇಕು. ಆಮ್ಯಾಲ ಹಿಂದಿನವ ಅಂಗಿ ಹಿಡದು ಜಗ್ಗಿದ್ರೂ ಅವನನ್ನೂ ಎಳಕೊಂಡು ಮ್ಯಾಲ ಹತ್ತಬೇಕು. ಮೂರೂ ಇದ್ದವ ರೈಡರ್. ಎರಡೇ ಇದ್ದವ ಬರೇ ಪ್ಯಾಸೆಂಜರ್."

"ಒಂದೂ ಇಲ್ಲದವ?"

"ನಿನ್ನಂಗ ಕಲಬುರಗಿ ತನಕ ನಿಂತು ಹೋಗ್ತಾನ."

ಸಿದ್ಧಾಂತದಲ್ಲಿ ತಪ್ಪಿಲ್ಲ. ಆದರೆ ಅದರಿಂದ ಆರಿಸಿ ಬಂದ ಹುಡುಗರ ಚರಿತ್ರೆ ಕೇಳಬೇಡಿ. ಅಫಜಲಪುರದ ಒಬ್ಬ ಕರಿ ಮಣ್ಣಿನ ಮೇಲೆ ಬರಿಗಾಲಲ್ಲಿ ಮಿಂಚಿನಂತೆ ಓಡುತ್ತಿದ್ದ. ಸೊಲ್ಲಾಪುರದಲ್ಲಿ ಬೂಟು ಹಾಕಿಸಿ ಮ್ಯಾಟಿನ ಮೇಲೆ ಬಿಟ್ಟರೆ ನುಣುಪು ಕಲ್ಲಿನ ಮೇಲಿನ ಎಮ್ಮೆಯಂತೆ ಜಾರಿದ. ಭೂಸನೂರಿನ ಇನ್ನೊಬ್ಬ, ಸಕ್ಕರೆ ಕಾರ್ಖಾನೆಗೆ ಕಬ್ಬು ಹೋಗುವ ಹಂಗಾಮು ಮುಗಿಯುವ ತನಕ ಎಲ್ಲಿಗೂ ಬರುವುದಿಲ್ಲ ಎಂದ. ಜೇವರ್ಗಿಯ ಹುಲೆಪ್ಪ ಶಿಬಿರಕ್ಕೆ ಆಯ್ಕೆಯೂ ಆಗಿ, ಅದೇ ದಿನ ಪೊಲೀಸ್ ನೇಮಕಾತಿಯ ಓಟಕ್ಕೆ ಹೋಗಿ ಪಾಸಾಗಿ ಬಂದ. ಈಗ ಹೆಲ್ಮೆಟ್ ಇಲ್ಲದ ಶಾಂತಲಿಂಗಪ್ಪನನ್ನು ಹೆದ್ದಾರಿಯಲ್ಲಿ ಅವನೇ ನಿಲ್ಲಿಸುತ್ತಾನೆ.

ಪ್ರತಿ ಹುಡುಗ ಸಿಕ್ಕಾಗಲೂ ಶಾಂತಲಿಂಗಪ್ಪ ಸೊಲ್ಲಾಪುರದ ಕದಮ್ ಸಾಹೇಬರಿಗೆ ಫೋನು ಹಚ್ಚಿ, "ವಜ್ರ ಸಿಕ್ಕದ್ರಿ ಸಾಹೇಬ್ರ" ಅನ್ನುತ್ತಿದ್ದ. ಕದಮ್ ಸಾಹೇಬರು ತಂಡದ ಪರವಾಗಿ ಈ ಭಾಗದ ಹುಡುಗರನ್ನು ಪರೀಕ್ಷಿಸುವವರು. ಸಮಾಧಾನವಿದ್ದರೆ ಕನ್ನಡ, ಸಿಟ್ಟು ಬಂದರೆ ಮರಾಠಿ. ಹುಲೆಪ್ಪನ ಪ್ರಕರಣದ ನಂತರ ಎರಡನ್ನೂ ಕಲಸಿ ಹೇಳಿದ್ದರು: "ಬಸ್ ಝಾಲಂ, ಸಾಕಾತು, ಶಾಂತಲಿಂಗಪ್ಪ. ಇನ್ನೊಂದೇ ವಜ್ರ. ಅದೂ ಗಾಜು ಆತಂದ್ರ ನಿಮ್ಮ ಮೂರು ತಾಲೂಕಿನ ಹೆಸರು ನಾ ಮತ್ತ ತಗಿಯಂಗಿಲ್ಲ."

ಆ ಮಾತು ಅವನಿಗೆ ಎಲ್ಲಿ ತಾಕಿತು ಎಂಬುದು ನನಗೆ ಗೊತ್ತು. ಕಾಲೇಜಿನಲ್ಲಿದ್ದಾಗ ಅವನೇ ಒಳ್ಳೆಯ ರೈಡರು. ಮಂಡಿ ಮುರಿಯುವ ತನಕ ಆಡಿದ. ನೋಡಲು ಈ ಕಡೆ ಯಾರೂ ಬರಲಿಲ್ಲ. ಈಗ ನೋಡುವ ಒಬ್ಬರು ಸಿಕ್ಕಿದ್ದಾರೆ. ಅವರೂ ಮುಖ ತಿರುಗಿಸಿದರೆ ಮುಂದಿನ ಹುಡುಗರು ಆಡುವುದು ಯಾರ ಕಣ್ಣಿಗೆ?

ಹೀಗೆ ಕೊನೆಯ ವಜ್ರವಾಗಿ ಸಿಕ್ಕವನು ಸಿದ್ದಲಿಂಗ ಹಿರೇಮಠ. ಆಳಂದದಲ್ಲಿ ಬಿ.ಎ. ಕೊನೆಯ ವರ್ಷ. ಊರು ಹಿರೋಳ್ಳಿ. ತಂದೆ ಚನ್ನವೀರಯ್ಯ ಸ್ವಾಮಿಗಳು ಸುತ್ತಲಿನ ಊರುಗಳಲ್ಲಿ ಕೂಸುಗಳಿಗೆ ಲಿಂಗ ಕಟ್ಟುವವರು, ಹೊಸ ಮನೆಗಳಿಗೆ ಶಾಂತಿ ಮಾಡುವವರು. ರಜೆ ಇದ್ದಾಗ ಮಗನೂ ಜೊತೆಗೆ ಹೋಗುತ್ತಾನೆ. ಹೋದಲ್ಲೆಲ್ಲ ಮನೆಯವರು ಇಬ್ಬರ ಪಾದವನ್ನೂ ತೊಳೆದು ಪೂಜೆ ಮಾಡುತ್ತಾರೆ. ಹಾಗಾಗಿ ಕಾಲೇಜಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವನು ಸ್ವಾಮೇರು. ಶಾಂತಲಿಂಗಪ್ಪ ಕೂಡ ಪಂದ್ಯ ಶುರುವಾಗುವ ಮುನ್ನ "ಶರಣ್ರಿ ಸ್ವಾಮೇರ" ಎಂದು ಆ ಹುಡುಗನ ಪಾದ ಮುಟ್ಟಿಯೇ ಅವನನ್ನು ಪರೀಕ್ಷಿಸಲು ಕೂರುತ್ತಿದ್ದ.

ಮೂರು ತಾಲೂಕಿನ ಮೈದಾನಗಳಲ್ಲೂ ಅವನ ಆಟ ನೋಡಿದೆವು. ಸಂದು ಕಾಣುವ ಕಣ್ಣು ಇತ್ತು. ಮೊದಲ ಹೆಜ್ಜೆ ಹಾವಿನ ನಾಲಿಗೆಯಂತೆ ಹೋಗಿ ಬರುತ್ತಿತ್ತು. ಇನ್ನು ಹಿಡಿತ? ಎದುರಿನವರು ಅವನ ಕಾಲಿಗೆ ಬೀಳುತ್ತಿದ್ದರು, ಮುಟ್ಟುತ್ತಿದ್ದರು, ಆದರೆ ಯಾರ ಕೈಯೂ ನಿಲ್ಲುತ್ತಿರಲಿಲ್ಲ. ಮುಟ್ಟಿದವರೆಲ್ಲ ಔಟಾಗಿ ಹೊರಗೆ ನಡೆದರೆ ಸ್ವಾಮೇರು ನಡುಗೆರೆ ದಾಟಿ ಬಂದು ನೀರು ಕುಡಿಯುತ್ತಿದ್ದರು.

"ಎಣ್ಣಿ ಹಚ್ಚಿದಂಗ ಜಾರ್ತಾನ ನೋಡಲೇ! ಹಿಡಿಯೋ ಗಂಡಸೇ ಇಲ್ಲ ಮೂರು ತಾಲೂಕಿನಾಗ!" ಎಂದು ಶಾಂತಲಿಂಗಪ್ಪ ನನ್ನ ತೊಡೆಗೆ ಬಡಿದ. ಊರಿಗೆಲ್ಲ ಕನ್ನಡಕ ಕೊಟ್ಟ ನಾನೂ ನೋಡಿದೆ. ಹೌದೆಂದು ತಲೆಯಾಡಿಸಿದೆ.

ಕದಮ್ ಸಾಹೇಬರ ಎದುರು ಸೊಲ್ಲಾಪುರದ ಮ್ಯಾಟಿನ ಮೇಲೆ ಸಿದ್ದಲಿಂಗ ಮೊದಲ ರೈಡಿಗೆ ಇಳಿದ. ಸಾಂಗ್ಲಿ ಕಡೆಯ ದಪ್ಪ ಕುತ್ತಿಗೆಯ ಹುಡುಗನೊಬ್ಬ ಬಗ್ಗಿ ಅವನ ಪಾದ ಹಿಡಿದ. ಸಿದ್ದಲಿಂಗ ಗಾಬರಿಯಾಗಲಿಲ್ಲ. ನಿಂತ. ಅವನ ಬಲಗೈ ತಾನಾಗಿ ಅರ್ಧಕ್ಕೆ ಎದ್ದಿತು, ಆಶೀರ್ವಾದಕ್ಕೆ ಏಳುವಂತೆ. ಅಷ್ಟರಲ್ಲಿ ಸಾಂಗ್ಲಿಯವನು ಪಾದವನ್ನು ಎಳೆದು ಅವನನ್ನು ಮ್ಯಾಟಿಗೆ ಬಡಿದ. ಎರಡನೆಯ ರೈಡಿಗೂ ಹಾಗೇ. ಮೂರನೆಯದಕ್ಕೆ ಇಡೀ ಗುಂಪೇ ಮೇಲೆ ಬಿತ್ತು. ನಮಗೆ ಸ್ವಾಮೇರ ಹೆಬ್ಬೆರಳು ಮಾತ್ರ ಕಾಣುತ್ತಿತ್ತು.

ಕದಮ್ ಸಾಹೇಬರು ನಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಈ ಹುಡುಗನ್ನ ಇಲ್ಲೀ ತನಕ ಒಬ್ಬರರೇ ಹಿಡದು ಕೆಡವ್ಯಾರೇನು?"

ಶಾಂತಲಿಂಗಪ್ಪ ಎಣಿಸಲು ಬೆರಳು ಎತ್ತಿದ. ಒಂದೂ ಮಡಚಲು ಬರಲಿಲ್ಲ.

"ಹೆಜ್ಜಿ ಚೊಲೋ ಅದ, ಅದಕ್ಕ ಕೇಳಾಕತ್ತೇನಿ. ನಾ ತಂಡದವರಿಗೆ ಹೆಸರು ಕಳಸೋಕಿಂತ ಮೊದಲು, ಹಿಡಿತ ಬಿಡಿಸ್ಕೊಳ್ಳೋದು ಇವನಿಗೆ ಬರ್ತದೋ ಇಲ್ಲೋ ನೋಡ್ರಿ. ಖರೇ ಇದ್ದದ್ದು ಹೇಳ್ರಿ. ವಜ್ರ-ಗಿಜ್ರ ಬ್ಯಾಡ."

ನನ್ನನ್ನೂ ಊಟಕ್ಕೆ ಕರೆದುಕೊಂಡು ಮನೆಗೆ ಬಂದ ಶಾಂತಲಿಂಗಪ್ಪ ರೊಟ್ಟಿಯ ಮುಂದೆ ಕೂತು ಗೋಳಾಡಿದ. "ಇಲ್ಲಿ ಯಾರ ಕೈಗೂ ಸಿಗದವ ಅಲ್ಲಿ ಎಲ್ಲರ ಕೈಗೂ ಹ್ಯಾಂಗ ಸಿಕ್ಕನೋ ಏನೋ!"

ಶಿವಕಾಂತಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಯಾರು, ಚನ್ನವೀರಯ್ಯ ಸ್ವಾಮೇರ ಮಗನಾ? ಹೋದ ಶ್ರಾವಣದಾಗ ನಮ್ಮ ಮನ್ಯಾಗೇ ನೀವು ಅವನ ಕಾಲು ತೊಳದು ಆ ನೀರು ಕಣ್ಣಿಗೆ ಹಚ್ಕೊಂಡೀರಿ. ಅಂಥವನ ಕಾಲು ಹಿಡದು ಯಾವ ಹುಡುಗ ಜಗ್ಗತಾನ್ರಿ? ಮುಟ್ಟತಾನ, ಶರಣು ಮಾಡತಾನ, ಬಿಡತಾನ."

ಶಾಂತಲಿಂಗಪ್ಪನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನನ್ನದೂ. ಮೂರು ತಾಲೂಕಿನ ಡಿಫೆಂಡರುಗಳು ಹಿಡಿಯಲು ಸೋತದ್ದಲ್ಲ. ಅವರು ನಮಸ್ಕಾರ ಮಾಡುತ್ತಿದ್ದರು. ನಮಸ್ಕಾರ ಮಾಡಿದವನು ಔಟು, ಮಾಡಿಸಿಕೊಂಡವನಿಗೆ ಪಾಯಿಂಟು. ಎಲ್ಲರೂ ಸಮಾನರೆಂದು ಸಾರಿದ ಶರಣರ ನಾಡಿನವರು ನಾವು. ವೇದಿಕೆಯ ಮೇಲೆ ಅದನ್ನು ಚೆನ್ನಾಗಿ ಹೇಳುತ್ತೇವೆ. ಮೈದಾನಕ್ಕೆ ಇಳಿದಾಗ ಮಾತ್ರ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ.

"ಅಂದ್ರ ಮೂರನೇ ಗುಣ ನಾ ನೋಡೇ ಇಲ್ಲ," ಎಂದ ಶಾಂತಲಿಂಗಪ್ಪ. "ಯಾರರೇ ಹಿಡಿದಿದ್ರ ತಾನೇ ನೋಡೋದು."

ಮರುದಿನದಿಂದ ಸ್ವಾಮೇರನ್ನು ಕೆಡವುವವರ ಹುಡುಕಾಟ ಶುರುವಾಯಿತು. ಮೊದಲು ಆಳಂದದ ಜಮೀರ. ಅದೇ ಕಾಲೇಜಿನ ಡಿಫೆಂಡರು, ಕೋಣನನ್ನೂ ಕೆಡವುವ ಮೈಕಟ್ಟು.

"ತೋಬಾ ತೋಬಾ! ನಮ್ಮ ಅಮ್ಮಿಗೆ ಗೊತ್ತಾದ್ರ ಮನ್ಯಾಗ ಊಟ ಬಂದ್ ಕಾಕಾ. ಸಣ್ಣವಿದ್ದಾಗ ನನಗ ಜ್ವರ ಬಂದ್ರ ಇವರಪ್ಪಾರೇ ತಾಯತ ಕಟ್ಟತಿದ್ರು."

"ಆಟದಾಗ ಹಿಡಿಯೋದಕ್ಕ ಏನಾಗ್ತದೋ?"

"ಹಿಡೀತೇನ್ರಿ. ಜಗ್ಗಂಗಿಲ್ಲ."

ಅಫಜಲಪುರದ ಕಾಲೇಜಿನ ಜಗದೇವ ಇನ್ನೂ ದೂರದೃಷ್ಟಿಯವನು. "ನಮ್ಮ ಹೊಸ ಮನಿ ಶಾಂತಿ ಅವರೇ ಮಾಡ್ಯಾರ್ರಿ. ನಾ ಇಲ್ಲಿ ಸ್ವಾಮೇರನ್ನ ಕೆಡವಿದೆ ಅಂದ್ರ, ಅಲ್ಲಿ ಗ್ವಾಡಿ ಬಿರುಕು ಬಿಟ್ರ ಯಾರು ಜವಾಬ್ದಾರಿ? ನೀವಾ?" ಜೇವರ್ಗಿಯವನೊಬ್ಬ ಪರೀಕ್ಷೆಯ ಫಲಿತಾಂಶ ಬರಲಿ, ಪಾಸಾದರೆ ಹಿಡಿಯುತ್ತೇನೆ ಎಂದ. ಸಿದ್ದಲಿಂಗನೇ ಕೈಮುಗಿದು, "ಹಿಡೀರೋ ಮಾರಾಯ್ರಾ, ನನ್ನ ಜೀವನದ ಪ್ರಶ್ನೆ ಅದ" ಎಂದು ಬೇಡಿಕೊಂಡ. ಸ್ವಾಮೇರು ಕೈಮುಗಿದದ್ದು ನೋಡಿ ಹುಡುಗರು ಹೆದರಿ ಇನ್ನೂ ಹಿಂದೆ ಸರಿದರು.

ಕೊನೆಗೆ ಸಿಟ್ಟು ನೆತ್ತಿಗೇರಿ ಶಾಂತಲಿಂಗಪ್ಪನೇ ಪ್ಯಾಂಟು ಮಡಚಿ ಮೈದಾನಕ್ಕೆ ಇಳಿದ. ಸಿದ್ದಲಿಂಗ ಬಂದ. ಶಾಂತಲಿಂಗಪ್ಪ ಮುರಿದ ಮಂಡಿಯನ್ನು ಲೆಕ್ಕಿಸದೆ ಹಾರಿ ಪಾದ ಹಿಡಿದ. ಭಲೇ ಅನ್ನುವಷ್ಟರಲ್ಲಿ ಅವನ ಕೈ ಸಡಿಲವಾಗಿ, ಎರಡು ಬೆರಳು ಕಣ್ಣಿಗೆ ಹೋದವು. ಸಿದ್ದಲಿಂಗ ಗೆರೆ ದಾಟಿದ.

"ಕಾಕಾ!" ಎಂದು ಹುಡುಗ ಅಳುವ ಧ್ವನಿಯಲ್ಲಿ ಕೂಗಿದ. "ನೀವೂನಾ?"

"ನಾ ಅಲ್ಲೋ ತಮ್ಮಾ, ಈ ಕೈ," ಎಂದು ಶಾಂತಲಿಂಗಪ್ಪ ಮಣ್ಣಲ್ಲೇ ಕೂತು ತನ್ನ ಕೈಯನ್ನು ತಾನೇ ಹೊಡೆದುಕೊಂಡ. ನಾನೂ ಪ್ರಯತ್ನಿಸಿದೆ. ನನ್ನ ವಿಷಯದಲ್ಲಿ ಭಕ್ತಿಯ ಪ್ರಶ್ನೆ ಬರಲಿಲ್ಲ. ಪಾದ ಎಲ್ಲಿದೆ ಎಂದು ಕಾಣುವ ಮೊದಲೇ ಕನ್ನಡಕ ಬಿತ್ತು.

ಉಳಿದದ್ದು ಒಂದೇ ದಾರಿ. ಹಿರೋಳ್ಳಿಗೆ ಹೋದೆವು. ಚನ್ನವೀರಯ್ಯನವರು ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದರು. ಶರಣು ಮಾಡಿ, ತಡವರಿಸಿ, ಅವರ ಮಗನನ್ನು ಕೆಡವಲು ಅವರ ಅನುಮತಿ ಬೇಕು ಎಂದು ಶಾಂತಲಿಂಗಪ್ಪ ವಿವರಿಸಿದ. ಅವರು ಮೊರ ಕೆಳಗಿಟ್ಟರು.

"ಅಂದ್ರ ನನ್ನ ಮಗ ಇಷ್ಟು ದಿನ ಗೆದ್ದದ್ದು ಅವನ ಕಾಲಿಲೆ ಅಲ್ಲ, ನನ್ನ ಹೆಸರಿಲೆ?"

ನಾವಿಬ್ಬರೂ ಬಗ್ಗಿ ಮೊರದ ತೊಗರಿಯಲ್ಲಿ ಕಲ್ಲು ಆರಿಸತೊಡಗಿದೆವು.

"ಗಾಡಿ ತಗೀರಿ," ಎಂದು ಅವರು ಶಲ್ಯ ಹೆಗಲಿಗೆ ಹಾಕಿಕೊಂಡರು.

ಮೈದಾನದಲ್ಲಿ ಹುಡುಗರೆಲ್ಲ ಸಾಲಾಗಿ ಬಂದು ಅವರ ಪಾದ ಮುಟ್ಟಿದರು. ಅವರು ಕೈಯೆತ್ತಿ ಹೇಳಿದರು: "ನೋಡ್ರಪ್ಪಾ, ಇವನ ಕಾಲು ಹಿಡೀರಿ, ಜಗ್ಗರಿ, ಕೆಡವ್ರಿ. ಇದು ನನ್ನ ಅಪ್ಪಣಿ. ಕೆಡವಲಾರದೆ ಬಿಟ್ಟವರ ಮನಿಗೆ ನಾ ಬರಂಗಿಲ್ಲ."

ಅಪ್ಪಣೆಯೆಂದರೆ ಅಪ್ಪಣೆ. ಅದುವರೆಗೆ ನಿಂತಿದ್ದ ಭಕ್ತಿ ಒಮ್ಮೆಲೇ ಕೋಣನಂತೆ ನುಗ್ಗಿತು. ಮೊದಲು ಜಮೀರ ಪಾದಕ್ಕೆ ಬಿದ್ದ, ಉಳಿದವರು ಸೊಂಟಕ್ಕೆ, ಹೆಗಲಿಗೆ. ಸಿದ್ದಲಿಂಗ ಎದ್ದ, ಮತ್ತೆ ಬಂದ, ಮತ್ತೆ ಬಿದ್ದ. ಸಂಜೆಯ ತನಕ ಇದೇ. ಕಣ್ಣು ಸಂದನ್ನು ಕಾಣುತ್ತಿತ್ತು, ಹೆಜ್ಜೆ ಒಳಗೆ ಹೋಗುತ್ತಿತ್ತು. ಒಬ್ಬ ಹಿಡಿದನೋ, ಅಲ್ಲಿಗೆ ಮುಗಿಯಿತು. ಕಾಲು ಕೊಡವುವುದು, ಮೈ ತಿರುಗಿಸುವುದು, ಹಿಡಿದವನನ್ನು ಗೆರೆಯ ತನಕ ಎಳೆಯುವುದು, ಯಾವುದೂ ಗೊತ್ತಿರಲಿಲ್ಲ. ಗೊತ್ತಾಗಲು ಯಾರಾದರೂ ಹಿಡಿದಿರಬೇಕಲ್ಲ.

ಶಾಂತಲಿಂಗಪ್ಪನ ಮುಖ ಇಳಿಯುತ್ತ ಹೋಯಿತು. ಸಿದ್ದಲಿಂಗ ಮಾತ್ರ ಬಾಯಲ್ಲಿದ್ದ ಮಣ್ಣು ಉಗುಳಿ ನಗುತ್ತಿದ್ದ. "ಕಾಕಾ, ಆಟ ಅಂದ್ರ ಹಿಂಗ ಇರ್ತದೇನ್ರಿ! ನನಗ ಯಾರೂ ಹೇಳೇ ಇಲ್ಲ!"

ಅಂಗಡಿಗೆ ಬಂದು ಶಾಂತಲಿಂಗಪ್ಪ ಬಹಳ ಹೊತ್ತು ಫೋನು ಹಿಡಿದು ಕೂತ. ವಜ್ರ ಎಂದರೆ ಹುಡುಗ ಈ ವರ್ಷ ಹೋಗಿ ಬೀಳುತ್ತಾನೆ, ಅವನ ಜೊತೆ ಮೂರು ತಾಲೂಕಿನ ಹೆಸರೂ ಬೀಳುತ್ತದೆ. ಅಲ್ಲವೆಂದರೆ ಇಷ್ಟು ವರ್ಷ ಕಾಲು ನೋಡಿದ ತನ್ನ ಕಣ್ಣೇ ಬೀಳುತ್ತದೆ. ಕೊನೆಗೆ ಫೋನು ಹಚ್ಚಿದ.

"ಸಾಹೇಬ್ರ, ಕಣ್ಣು ಅದ, ಹೆಜ್ಜಿ ಅದ. ಹಿಡಿತ ಬಿಡಿಸ್ಕೊಳ್ಳೋದು ಏನೇನೂ ಬರಂಗಿಲ್ಲ. ಈ ವರ್ಷ ಬ್ಯಾಡ್ರಿ."

 ಸ್ಪೀಕರಿನಿಂದ ಕದಮ್ ಸಾಹೇಬರ ದನಿ ನನಗೂ ಕೇಳಿಸಿತು: "ಕೋಣ್ ಬೋಲತಂಯ? ಯಾರು ಮಾತಾಡೋದು?"

"ನಾನೇ ರೀ, ಶಾಂತಲಿಂಗಪ್ಪ."

"ಶಾಂತಲಿಂಗಪ್ಪ ಬ್ಯಾಡ ಅಂತಾನ?" ಕದಮ್ ಸಾಹೇಬರು ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. "ಹಂಗಿದ್ರ ಮುಂದಿನ ವರ್ಷ ಇವನನ್ನ ಮತ್ತ ಕರಕೊಂಡು ಬರ್ರಿ. ವರ್ಷಪೂರ್ತಿ ಕೆಡವಿಸ್ರಿ."

ಫೋನಿಟ್ಟ ಶಾಂತಲಿಂಗಪ್ಪ ನನಗೆ ಚಹಾ ತರಿಸಿದ. ಅವನು ತರಿಸಿದ ಮೊದಲ ಚಹಾ ಎಂದು ನೆನಪಿಟ್ಟುಕೊಂಡು ಕುಡಿದೆ.

ಮರುದಿನ ಸಂಜೆ ಮತ್ತೆ ಅಭ್ಯಾಸ. ಸಿದ್ದಲಿಂಗ ರೈಡಿಗೆ ಬಂದ. ಜಮೀರ ಬಗ್ಗಿದ, ಪಾದ ಮುಟ್ಟಿದ, ಕೈಯನ್ನು ಕಣ್ಣಿಗೊತ್ತಿಕೊಂಡು ಬಿಟ್ಟ. ಮಿಕ್ಕವರೂ ಅವನ ಹಿಂದೆ ಒಬ್ಬೊಬ್ಬರಾಗಿ ಹಾಗೇ ಮಾಡಿದರು.

"ಲೇ! ನಿನ್ನೆ ಹ್ಯಾಂಗ ಹಿಡದ್ರಿ, ಇವತ್ತ ಏನು ಬ್ಯಾನಿ ಬಂತು?" ಎಂದು ಶಾಂತಲಿಂಗಪ್ಪ ಕಿರುಚಿದ.

"ನಿನ್ನೆ ಅಪ್ಪಣಿ ಆಗಿತ್ತಲ್ರಿ ಕಾಕಾ," ಎಂದ ಜಮೀರ, ತೀರಾ ವಿನಯದಿಂದ. "ಇವತ್ತಿಂದು ಆಗಿಲ್ಲ."

ಶಾಂತಲಿಂಗಪ್ಪ ಟೀ ಶರ್ಟಿನಿಂದ ಸ್ಕೂಟರಿನ ಹಿಂದಿನ ಸೀಟಿನ ಧೂಳು ಒರೆಸಿ, ಹಿರೋಳ್ಳಿಯ ಕಡೆ ಮುಖ ಮಾಡಿ ಕಿಕ್ ಹೊಡೆದ. ಸ್ಕೂಟರು ಮೂರನೆಯ ಸಲಕ್ಕೆ ಹತ್ತಿತು.