ಕನ್ನಪ್ಪಣ್ಣನ ಹಿಂದಿನ ಬ್ರೇಕು

ಹೊಸನಗರದ ಲೇಡೀಸ್ ಟೈಲರ್ ಕನ್ನಪ್ಪಣ್ಣನ ಅಂಗಡಿಗೆ ನನ್ನ ಬ್ಲೌಸ್ ಪೀಸು ಸೇರಿ ನಲವತ್ತು ದಿನ ಆಗಿತ್ತು. ಕೇಳಲು ಹೋದರೆ ಅಂಗಡಿಗೆ ಬೀಗ. ಸಿಟ್ಟು ನೆತ್ತಿಗೇರಿ ಮನೆಗೇ ನುಗ್ಗಿದೆ. ಪುಣ್ಯಾತ್ಮ ಅಂಗಳದಲ್ಲಿ ಕಾರಿನಡಿ ಮಲಗಿದ್ದರು. ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ.

ಕಾರೆಂದರೆ ಅರವತ್ತನಾಲ್ಕನೇ ಇಸವಿಯ ಫಿಯೆಟ್. ತೀರ್ಥಹಳ್ಳಿ ಕಡೆ ಯಾರದೋ ಕೊಟ್ಟಿಗೆಯಲ್ಲಿ ಅದರ ಹಿಂದಿನ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಅವನ್ನು ಎಬ್ಬಿಸಿ ಇವರು ಕಾರು ತಂದದ್ದು ಶೋಕಿಗಲ್ಲ. ಹೆಂಡತಿ ಹೇಮಕ್ಕನಿಗೆ ಬಸ್ಸು ಹತ್ತಿದರೆ ಮೊದಲ ತಿರುವಿಗೇ ವಾಂತಿ. ತೀರ್ಥಹಳ್ಳಿಯಲ್ಲಿರುವ ಅಕ್ಕ ಪುಷ್ಪಮ್ಮನ ಮನೆಗೆ ಹೋಗಿ ಆರು ವರ್ಷವಾಗಿತ್ತು. ಮುಂದಿನ ಸೀಟಿನಲ್ಲಿ ಕೂರಿಸಿ, ಗಾಜು ಇಳಿಸಿ, ಮೆಲ್ಲಗೆ ಕರೆದೊಯ್ಯಬೇಕೆಂಬುದು ಕನ್ನಪ್ಪಣ್ಣನ ಆಸೆ. ಹೇಮಕ್ಕನ ಷರತ್ತು ಒಂದೇ: "ಮೊದ್ಲು ಅದು ನಿಲ್ಲೋದು ಕಲೀಲಿ. ಆಮೇಲೆ ನಾನು ಹತ್ತೋದು."

ಮುಂದಿನ ಬ್ರೇಕನ್ನು ಮೆಕ್ಯಾನಿಕ್ ಶಿವಮೂರ್ತಿ ಮಾಡಿಕೊಟ್ಟಿದ್ದ. ಹಿಂದಿನದನ್ನು ನಾನೇ ಮಾಡುತ್ತೇನೆಂದು ಕನ್ನಪ್ಪಣ್ಣ ಹಟ ಹಿಡಿದರು. ಚಕ್ರದೊಳಗಿನ ಬ್ರೇಕ್ ಡ್ರಮ್ ಬಿಚ್ಚಿ, ಯಾವ ಸ್ಪ್ರಿಂಗು ಎಲ್ಲಿ ಕೂರಬೇಕೆಂದು ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲೇ ಬರೆದು, ತುಕ್ಕು ಉಜ್ಜಿ ಮತ್ತೆ ಜೋಡಿಸಿದ್ದರು. ನಾನು ಹೋದ ದಿನವೇ ಪರೀಕ್ಷೆ. ಬ್ಲೌಸು ನನಗೆ ಮರೆತೇ ಹೋಯಿತು.

ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನೇ. ಮನೆ ಮುಂದಿನ ಇಳಿಜಾರಿನಲ್ಲಿ ಅದನ್ನು ಎಳೆದು, ಕೊರಳಲ್ಲಿ ಟೇಪು ಹಾಗೇ ಇಟ್ಟುಕೊಂಡು ಕನ್ನಪ್ಪಣ್ಣ ಕೆಳಗಿಳಿದರು. ಮೆಟ್ಟಿಲ ಮೇಲೆ ನಿಂತಿದ್ದ ಹೇಮಕ್ಕನಿಗೆ "ನೋಡೇ, ನಿಂತ್ಕಂಡ್ತು!" ಎನ್ನುವಷ್ಟರಲ್ಲಿ ಕಾರು ಹೊರಟಿತು, ಅದೂ ಏನೂ ಅವಸರವಿಲ್ಲದೆ. "ಏ, ಏ, ನಿಲ್ಲೋ!" ಎಂದು ಇವರು ಕಾರಿನ ಹಿಂದೆ ಓಡಿದರು, ಇವರ ಹಿಂದೆ ನಾನು. ಕಾರು ದಾಸವಾಳದ ಗಿಡ ಸವರಿಕೊಂಡು ಹೋಗಿ ಗೊಬ್ಬರದ ಗುಂಡಿಗೆ ಮೂತಿ ಇಟ್ಟಿತು.

ಹೇಮಕ್ಕ ಮೆಟ್ಟಿಲ ಮೇಲಿಂದಲೇ, "ನಿಲ್ತಲ್ಲ ಬಿಡಿ" ಎಂದರು. ನಗಬಾರದೆಂದು ಸೆರಗು ಕಚ್ಚಿಕೊಂಡೆ, ಆಗಲಿಲ್ಲ.

ಶಿವಮೂರ್ತಿ ಬಂದು, ಡ್ರಮ್ ಬಿಚ್ಚಿ, ಒಳಗೆ ಬೆರಳಾಡಿಸಿ ಮೂಸಿದ. "ಕನ್ನಪ್ಪಣ್ಣ, ಇದ್ಕೆ ಎಂತ ಹಾಕಿದ್ರಿ?"

"ಕಿರ್ ಅಂತಿತ್ತು ಮಾರಾಯ. ನಾಲ್ಕು ಹನಿ ಮೆಷಿನ್ ಎಣ್ಣೆ ಬಿಟ್ಟೆ."

ಮೂವತ್ತು ವರ್ಷ ಹೊಲಿಗೆ ಮೆಷಿನ್ನಿನ ಮುಂದೆ ಕೂತವರಿಗೆ ಕಿರ್ ಎಂದರೆ ಎಣ್ಣೆ, ಎರಡನೇ ಮಾತಿಲ್ಲ. ಶಿವಮೂರ್ತಿ ನೆಲದ ಮೇಲೆ ಕೂತು ನಕ್ಕ. "ಬ್ರೇಕು ಹಿಡಿಯೋದೇ ಉಜ್ಜಿ. ನೀವು ಜಾರಕ್ಕೆ ದಾರಿ ಮಾಡ್ಕೊಟ್ರಲ್ಲ!" ಕನ್ನಪ್ಪಣ್ಣನ ಮುಖ ಸಣ್ಣದಾಯಿತು. "ಇನ್ನು ಇವ್ಳು ಹತ್ತಲ್ಲ" ಎಂದರು; ಕಣ್ಣಲ್ಲಿ ನಿಜಕ್ಕೂ ನೀರಿತ್ತು. ನನಗೆ ಪಾಪ ಅನ್ನಿಸಿತು.

ಎಣ್ಣೆ ಕುಡಿದ ಹಳೆಯದರ ಬದಲು ಸಾಗರದಿಂದ ಹೊಸ ಬ್ರೇಕ್ ಶೂ ಬಂತು. ಕನ್ನಪ್ಪಣ್ಣ ಡ್ರಮ್ಮನ್ನು ಸೋಪಿನ ನೀರಲ್ಲಿ ಮೂರು ಸಲ ತೊಳೆದು ಬಿಸಿಲಿಗಿಟ್ಟು, ಈ ಸಲವೂ ತಾವೇ ಜೋಡಿಸಿದರು. ಎಣ್ಣೆ ಡಬ್ಬಿಯನ್ನು ಹೇಮಕ್ಕ ಬೀರುವಿನೊಳಗಿಟ್ಟು ಬೀಗ ಹಾಕಿದ್ದರು.

ಭಾನುವಾರ ಬೆಳಿಗ್ಗೆ ಅದೇ ಇಳಿಜಾರು. ಹ್ಯಾಂಡ್ ಬ್ರೇಕ್ ಎಳೆದು ಕನ್ನಪ್ಪಣ್ಣ ಇಳಿದರು. ಕಾರು ನಿಂತಿತು. ಐದು ನಿಮಿಷವಾದರೂ ನಿಂತೇ ಇತ್ತು. ಆಗ ಹೇಮಕ್ಕ ಮೆಟ್ಟಿಲಿಳಿದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಿಕ್ಕಿಗೆ ಎರಡೂ ಕೈ ಕೊಟ್ಟು ತಳ್ಳಿದರು. ಅಲುಗಲಿಲ್ಲ. "ನೀನೆಂತ ನೋಡ್ತಿದೀಯೆ, ಬಾ!" ಎಂದು ನನ್ನನ್ನೂ ಕರೆದರು. ಇಬ್ಬರೂ ಹಲ್ಲು ಕಚ್ಚಿ ತಳ್ಳಿದೆವು. ನನ್ನ ಚಪ್ಪಲಿ ಕಿತ್ತುಹೋಯಿತೇ ಹೊರತು ಕಾರು ಕದಲಲಿಲ್ಲ. ಕನ್ನಪ್ಪಣ್ಣ ಕುಣಿಯುವುದೊಂದು ಬಾಕಿ.

ಹೇಮಕ್ಕ ಕೈ ಕೊಡವಿಕೊಂಡು, ಮುಂದಿನ ಬಾಗಿಲು ತೆಗೆದು ಕೂತು, ಫೋನು ಕಿವಿಗಿಟ್ಟರು. "ಅಕ್ಕಾ, ಮಧ್ಯಾಹ್ನ ಊಟಕ್ಕೆ ಬರ್ತಿದೀವಿ. ಹೂಂ, ಕಾರಲ್ಲೇ. ನಿಲ್ಲತ್ತೆ, ನಿಲ್ಲತ್ತೆ. ನಾನೇ ತಳ್ಳಿ ನೋಡ್ದೆ."