ಹಿಂದಿನ ರನ್‌ವೇ

ಅವರ ಬಲಹುಬ್ಬಿನಿಂದ ನೆತ್ತಿಯವರೆಗೆ ಒಂದು ಗಾಯದ ಗೆರೆ ಇತ್ತು. ಇಂಜಿನ್ನಿನ ಸದ್ದು ಚೂರು ಬದಲಾದರೆ ಸಾಕು, ಹೆಬ್ಬೆರಳು ತನ್ನಷ್ಟಕ್ಕೆ ಹೋಗಿ ಆ ಗೆರೆಯ ಮೇಲೆ ನಿಲ್ಲುತ್ತಿತ್ತು.

ಘಟ್ಟದ ಮೇಲಿನ ಒಂದು ಶಾಲೆಯಲ್ಲಿ ನನಗೆ ವಿಮಾನ ಹಾರಿಸಲು ಕಲಿಸಿದ ಮಾಷ್ಟ್ರು ಅವರು. ಅವರ ಮನೆ ಕಕ್ಕಿಂಜೆ, ನನ್ನದು ಬೆಳುವಾಯಿ. ರಜೆಯಲ್ಲಿ ಅವರ ಕಾರಿನಲ್ಲೇ ಚಾರ್ಮಾಡಿ ಇಳಿದು ಬರುತ್ತಿದ್ದೆ. ದಾರಿಯುದ್ದಕ್ಕೂ ಒಂದೇ ಪ್ರಶ್ನೆ.

"ಈಗ ಇಂಜಿನ್ ನಿಂತಿತು. ಎಲ್ಲಿ ಇಳಿಸ್ತಿ?"

"ಆ ಗದ್ದೆಯಲ್ಲಿ, ಸರ್."

"ಅದರಾಚೆ ಕಂಬ ಉಂಟು, ನೋಡಿದೆಯಾ? ತಂತಿ ಮೇಲಿನಿಂದ ಕಾಣುವುದಿಲ್ಲ ಮಾರಾಯ್ತಿ. ಕಂಬ ಹುಡುಕು."

ಗದ್ದೆ ದಾಟಿದರೆ ರಬ್ಬರು ಗುಡ್ಡ, ಅದು ದಾಟಿದರೆ ಕಲ್ಲಿನ ಕೋರೆ, ಮತ್ತೆ ತಂತಿ. ಹುಟ್ಟಿದ ಊರಿನಲ್ಲಿ ಇಳಿಯಲು ಜಾಗವೇ ಇಲ್ಲವೆಂದು ನನಗೆ ಗೊತ್ತಾದದ್ದು ಆಗ. ಆಮೇಲೆ ಬಸ್ಸಿನ ಕಿಟಕಿಯಿಂದ ನೆಮ್ಮದಿಯಾಗಿ ಹೊರಗೆ ನೋಡಲು ಆಗಲೇ ಇಲ್ಲ.

ಆಕಾಶದಲ್ಲಿ ಅವರು ಹೇಳದೆ ಕೇಳದೆ ಥ್ರಾಟಲ್ ಎಳೆದುಬಿಡುತ್ತಿದ್ದರು. ಸದ್ದು ಕುಸಿದು, ಗಾಳಿಯ ಸಿಳ್ಳೆ ಮಾತ್ರ ಉಳಿಯುತ್ತಿತ್ತು. "ಮೂತಿ ತಗ್ಗಿಸು. ವೇಗ ಹೋದರೆ ಎಲ್ಲ ಹೋಯಿತು." ಮೇಯುವ ಎತ್ತಿನ ಕೊಂಬು ಕಾಣುವವರೆಗೂ ಇಂಜಿನ್ ಮರಳಿ ಕೊಡುತ್ತಿರಲಿಲ್ಲ. ಇನ್ನೊಂದು ಮಾತಂತೂ ದಿನಾ ಹೇಳುತ್ತಿದ್ದರು: "ಹಾರಿದ ಕೂಡಲೇ ಇಂಜಿನ್ ನಿಂತರೆ ರನ್‌ವೇಗೆ ತಿರುಗಬೇಡ. ಎದುರು ಏನು ಉಂಟೋ ಅದರಲ್ಲೇ ಇಳಿಸು."

ಯಾಕೆಂದು ಒಮ್ಮೆ ಕೇಳಿದೆ. ಹೆಬ್ಬೆರಳಿನಿಂದ ಆ ಗೆರೆ ಒತ್ತಿಕೊಂಡು ಎದ್ದು ಹೋದರು.

ಮುಂದಿನ ರಜೆಯಲ್ಲಿ ಕಾರನ್ನು ನೇರ ಬಂಟ್ವಾಳಕ್ಕೆ ಬಿಟ್ಟರು. ಹೊಳೆಬದಿಯ ಒಂದು ಮನೆಯ ಜಗಲಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಮಾಷ್ಟ್ರು ಆಗಾಗ ಬರುವವರಂತೆ ಅವರ ಪಕ್ಕದಲ್ಲಿ ಕೂತರು, ಇಬ್ಬರೂ ತುಳುವಿನಲ್ಲಿ ನಾಲ್ಕು ಮಾತಾಡಿದರು. ಹಿಂದಕ್ಕೆ ಬಂದು ಕಾರಿನಲ್ಲಿ ಕೂತ ಮೇಲೆ ಮಾಷ್ಟ್ರು ಬಾಯಿ ತೆರೆದರು.

"ಅವರ ಮಗ ನನ್ನ ಹತ್ತಿರ ಕಲೀತಿದ್ದ, ಆ ದಿನ ನನ್ನ ಪಕ್ಕದಲ್ಲಿ ಕೂತಿದ್ದ. ನೆಲ ಬಿಟ್ಟು ಒಂದು ನಿಮಿಷವೂ ಆಗಿರಲಿಲ್ಲ, ಇಂಜಿನ್ ನಿಂತಿತು. ಕಂಟ್ರೋಲ್ ನಾನು ತೆಗೆದುಕೊಂಡೆ. ಎದುರು ಉತ್ತ ಹೊಲ. ಇಳಿಸಿದರೆ ವಿಮಾನ ಮುರೀತದೆ ಅಂತ ಕಂಡಿತು. ರನ್‌ವೇ ಕಡೆ ತಿರುಗಿಸಿದೆ. ತಿರುಗುವಾಗ ವೇಗ ಸಾಲದೆ ಒಂದು ರೆಕ್ಕೆ ಕುಸಿಯಿತು, ನೆಲಕ್ಕೆ ಬಿದ್ದೆವು. ಅವನು ಉಳಿಯಲಿಲ್ಲ." ಸ್ಟಿಯರಿಂಗ್ ಗಟ್ಟಿ ಹಿಡಿದರು. "ವಿಮಾನ ಉಳಿಸಲಿಕ್ಕೆ ಹೋದೆ ನಾನು."

ಎರಡು ತಿಂಗಳ ನಂತರ ನಾನು ಒಬ್ಬಳೇ ಹಾರಿದ ಒಂದು ಬೆಳಿಗ್ಗೆ, ನಾನೂರು ಅಡಿಯಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಎದುರು ಕೊಯ್ಲಾದ ಜೋಳದ ಹೊಲ, ನಡುವೆ ಬದು. ಹಿಂದೆ, ಅಷ್ಟು ಹತ್ತಿರದಲ್ಲಿ, ಉದ್ದದ ನುಣುಪಾದ ರನ್‌ವೇ. ಕೈ ಆಗಲೇ ಎಡಕ್ಕೆ ಎಳೆಯತೊಡಗಿತ್ತು. ಆ ಜಗಲಿ ಕಣ್ಣೆದುರು ಬಂತು. ಮೂತಿ ತಗ್ಗಿಸಿದೆ. ಕಂಬ ಹುಡುಕಿದೆ. ನೆಲ ಎದ್ದು ಬಂದು ಬಡಿಯಿತು. ಮುಂದಿನ ಚಕ್ರ ಬದುವಿಗೆ ಸಿಕ್ಕಿ ಮುರಿದು, ವಿಮಾನ ಮೂತಿ ಊರಿ ನಿಂತಿತು. ತುಟಿ ಒಡೆದಿತ್ತು, ಅಷ್ಟೇ.

ಮಾಷ್ಟ್ರು ಹೊಲದಲ್ಲಿ ಓಡಿ ಬಂದರು. ನನ್ನನ್ನು ಕಂಡು ಮಣ್ಣಿನಲ್ಲೇ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಬಂಟ್ವಾಳಕ್ಕೆ ಫೋನ್ ಮಾಡಿ, ತುಳುವಿನಲ್ಲಿ ಇಷ್ಟೇ ಹೇಳಿದರು: "ಅಮ್ಮ, ಇವಳು ತಿರುಗಿಸಲಿಲ್ಲ." ಆಚೆಯಿಂದ ಏನು ಉತ್ತರ ಬಂತೋ, ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಕಳೆದ ವರ್ಷ ಅವರು ಹಾಸಿಗೆ ಹಿಡಿದಾಗ ಕಕ್ಕಿಂಜೆಗೆ ಹೋದೆ. ಮಾತು ಸಣ್ಣಗಾಗಿತ್ತು. ನಾನು ಆ ಹೊಲದ ವಿಷಯ ಎತ್ತಿ, ನಿಮ್ಮಿಂದ ಬದುಕಿದೆ ಸರ್ ಎಂದೆ. ಮಾಡಿನ ಹೆಂಚು ನೋಡುತ್ತಾ ಹೇಳಿದರು: "ನಿನಗೆ ಎದುರು ಜಾಗ ಇತ್ತು. ಅವನಿಗೂ ಇತ್ತು."

ನಾಲ್ಕನೇ ದಿನ ತೀರಿಕೊಂಡರು. ಸುದ್ದಿ ಹೇಳಲು ಬಂಟ್ವಾಳಕ್ಕೆ ನಾನೇ ಹೋದೆ. ಆ ಅಮ್ಮ ಅಳಲಿಲ್ಲ. ಹೊಳೆಯ ಕಡೆ ನೋಡುತ್ತಾ ಕೇಳಿದರು: "ಇನ್ನು ನನ್ನ ಮಗನ ವಿಷಯ ಮಾತಾಡಲಿಕ್ಕೆ ಯಾರು ಬರ್ತಾರೆ?"

"ನಾನು ಬರ್ತೇನೆ ಅಮ್ಮ" ಎಂದೆ.