ಒಂದು ಸೂಜಿ ಕಡಿಮೆ

ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಒಂದು ಸೂಜಿ ಕಡಿಮೆಯಾಯಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಹುಮನಾಬಾದಿನಲ್ಲಿರುವ ತಂಗಿ ಸುಮಾಳ ಮನೆಯಲ್ಲಿ, ಗೋಡೆ ಗಡಿಯಾರದ ಕೆಳಗೇ ನಾನು ಸೂಜಿಯ ಡಬ್ಬಿ ಹಿಡಿದು ನಿಂತಿದ್ದೆ. ಬಸವಕಲ್ಯಾಣದಿಂದ ಬರುವಾಗ ಅದರಲ್ಲಿ ಎರಡು ಸೂಜಿಗಳಿದ್ದವು, ಈಗ ಒಂದೇ ಇತ್ತು. ಎದುರಿಗೆ ನೆಲದ ಮೇಲೆ ನಾವು ಆಗಷ್ಟೇ ಹೊಲಿದು ಮುಗಿಸಿದ ಕೌದಿ. ಅದರ ಮೇಲೆ ಸುಮಾಳ ಕೂಸು, ಖುಷಿಯಿಂದ ಹಿಮ್ಮಡಿ ಬಡಿಯುತ್ತ ಮಲಗಿತ್ತು.

ನಾನು ಎಂ.ಎ. ಓದಿದವಳು. ಆಪತ್ತಿನಲ್ಲಿ ಬುದ್ಧಿ ಕೈಕೊಡಬಾರದು ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವವಳು. ಆದರೆ ಆ ಹೊತ್ತಿಗೆ ನಾನು ಮಾಡಿದ್ದಿಷ್ಟು: ಡಬ್ಬಿ ಬಿಸಾಡಿದೆ, ಕೂಸನ್ನು ಬಾಚಿಕೊಂಡೆ, ಅಂಗಳದ ತನಕ ಓಡಿದೆ. ಡಬ್ಬಿಯಲ್ಲಿದ್ದ ಸೂಜಿಯೂ ಹಾರಿ ಟೀವಿಯ ಅಡಿಗೆ ಹೋಯಿತು. ಅದನ್ನು ತೆಗೆಯುವುದು ಇನ್ನೊಂದು ಕೆಲಸವಾಯಿತು. ಕೂಸಿಗೆ ಏನೂ ಆಗಿರಲಿಲ್ಲ. ನನ್ನ ಓಟಕ್ಕೆ ಹೆದರಿ ಅತ್ತಿತು, ಅಷ್ಟೇ.

ಇಷ್ಟಕ್ಕೂ ನನಗೆ ಹೊಲಿಗೆ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಬಸವಕಲ್ಯಾಣದಲ್ಲಿ ನಾನಿರುವುದು ದೊಡ್ಡವ್ವನ, ಅಂದರೆ ತಾಯಿಯ ಅಕ್ಕನ ಮನೆಯಲ್ಲಿ. ಆ ಮನೆಯಿಂದ ಬಟ್ಟೆ ಹೊರಗೆ ಹೋಗಿದ್ದನ್ನು ಯಾರೂ ಕಂಡಿಲ್ಲ. ದೊಡ್ಡಪ್ಪನ ಧೋತರ ಸವೆದು ತೊಟ್ಟಿಲ ಬಟ್ಟೆಯಾಗುತ್ತದೆ, ಆಮೇಲೆ ರೊಟ್ಟಿ ಸುಡುವ ಹಂಚು ಒರೆಸುವ ಅರಿವೆಯಾಗುತ್ತದೆ. ಅದೂ ಮುಗಿದರೆ ಸೈಕಲ್ಲಿನ ಚೈನು ಒರೆಸಲು ಹೋಗುತ್ತದೆ. ಇಂಥ ಮನೆಯಲ್ಲಿ ರಜೆಯ ಬೇಸರ ಕಳೆಯಲು ನಾನೂ ಸೂಜಿ ಹಿಡಿದೆ. ಮೊದಲಿಗೆ ದೊಡ್ಡಪ್ಪನ ಅಂಗಿಯನ್ನು ದಿಂಬಿನ ಚೀಲ ಮಾಡಿದೆ. ಕಿಸೆ ತೆಗೆಯುವುದು ಮರೆತಿತ್ತು. ಅವರು ಮಲಗುವಾಗ ಅದರಲ್ಲಿ ಚಷ್ಮಾ ಇಟ್ಟುಕೊಂಡು, ಇಂಥ ದಿಂಬು ಪೇಟೆಯಲ್ಲೂ ಸಿಗುವುದಿಲ್ಲ ಎಂದರು. ಆ ಹೊಗಳಿಕೆಯಿಂದ ಉಬ್ಬಿ ಬಾಗಿಲ ಪಡದಾ ತೊಡೆಯ ಮೇಲೆ ಹರವಿಕೊಂಡು ಕೈಚೀಲ ಹೊಲಿಯಲು ಕೂತೆ. ಎದ್ದಾಗ ಅದು ನನ್ನ ಚೂಡಿದಾರಕ್ಕೇ ಸೇರಿಕೊಂಡಿತ್ತು.

"ನೀ ಎದ್ದಿ, ಪಡದಾನೂ ಎದ್ದು ನಿಂತದ ನೋಡು," ಎಂದಳು ದೊಡ್ಡವ್ವ. "ಹೊರಗ ಹೋಗಬ್ಯಾಡ. ಮಂದಿ ಒಳಗ ಯಾರದಾರಂತ ಸರಿಸಿ ನೋಡ್ತಾರ."

ಸುಮಾಳ ಕೂಸಿಗೆ ಕೌದಿ ಹೊಲಿಯೋಣ ಎಂದು ಹೊರಟವಳೂ ಅವಳೇ. ಹಳೆಯ ಸೀರೆ, ಕುಪ್ಪಸ, ದೊಡ್ಡಪ್ಪನ ಪ್ಯಾಂಟು ಎಲ್ಲ ಪದರ ಪದರವಾಗಿ ಕೂತವು. ಒಂದು ಕಡೆಯಿಂದ ಅವಳು, ಇನ್ನೊಂದು ಕಡೆಯಿಂದ ನಾನು. ಅವಳ ಸಾಲು ನೇಗಿಲು ಹೊಡೆದ ಹಾಗೆ ನೆಟ್ಟಗೆ ಬರುತ್ತಿತ್ತು. ನನ್ನದು ಆಡಿನ ಹಿಂದೆ ಹೋದ ಹಾಗೆ.

ಕೌದಿ ಮುಗಿಸುವುದಕ್ಕೆ ಅವಳ ತವರಿನದೊಂದು ಪದ್ಧತಿ ಇದೆ. ಕೊನೆಯ ಮೂಲೆಗೆ ತೇಪೆ ಹಚ್ಚಿ, ಅದನ್ನು ಮುಚ್ಚುವ ಮೊದಲು ಒಳಗೊಂದು ತುತ್ತು ಇಡಬೇಕು. ಅದು ಕೌದಿಯ ಬಾಯಿ. ಉಪವಾಸವಿರುವ ಕೌದಿಯ ಮೇಲೆ ಮಲಗಿದ ಕೂಸಿಗೆ ನಿದ್ದೆ ಹತ್ತುವುದಿಲ್ಲವಂತೆ. ಒಮ್ಮೆ ಮುಚ್ಚಿದ ಬಾಯಿಯನ್ನು ಯಾರೂ ಬಿಚ್ಚುವಂತಿಲ್ಲ. ತುತ್ತು ಕೂಸಿನ ಮನೆಯದೇ ಆಗಬೇಕು. ಅದಕ್ಕೇ ಒಂದು ಮೂಲೆ ಉಳಿಸಿಕೊಂಡು ಹುಮನಾಬಾದಿಗೆ ಬಂದಿದ್ದೆವು. ಸುಮಾ ಹೋಳಿಗೆ ಮಾಡಿದಳು, ದೊಡ್ಡವ್ವ ಒಂದು ತುಣುಕು ಇಟ್ಟು ಬಾಯಿ ಹೊಲಿದಳು, ಕೂಸನ್ನು ಮಲಗಿಸಿದೆವು. ಆಮೇಲೆ ನಾನು ಡಬ್ಬಿ ನೋಡಿದೆ.

ಮನೆಯ ನೆಲವೆಲ್ಲ ಗುಡಿಸಿದರೂ ಸೂಜಿ ಸಿಗಲಿಲ್ಲ. ಅಂದ ಮೇಲೆ ಅದು ಕೌದಿಯೊಳಗೇ ಇರಬೇಕು. ಸುಮಾಳ ಗಂಡ ಮಹೇಶ ಹಿಟ್ಟಿನ ಗಿರಣಿಗೆ ಹೋಗಿ, ಕಾಳಿನಲ್ಲಿಯ ಮೊಳೆ ಹಿಡಿಯುವ ಆಯಸ್ಕಾಂತ ಕೇಳಿ ತಂದ. ಕೌದಿಯ ಮೇಲೆ ಆಡಿಸಿದೊಡನೆ ಅದು ಟಪ್ಪೆಂದು ಕಚ್ಚಿತು.

"ಸಿಕ್ತು ನೋಡ್ರಿ," ಎಂದ.

ಬಿಚ್ಚಿದರೆ ದೊಡ್ಡವ್ವನ ಕುಪ್ಪಸದ ಹುಕ್ಕು. ಮತ್ತೆ ಟಪ್ಪೆಂದಲ್ಲಿ ಇನ್ನೊಂದು ಹುಕ್ಕು. ಮೂರನೆಯದು ದೊಡ್ಡಪ್ಪನ ಪ್ಯಾಂಟಿನ ಜಿಪ್ಪು, ಅದೂ ಇಡಿಯಾಗಿ.

"ಅತ್ತಿಯವರ, ಕೌದಿ ಹೊಲದೀರೇನ್ರಿ, ಗುಜರಿ ಅಂಗಡಿ ಇಟ್ಟೀರೇನ್ರಿ?"

"ಮಾತು ಸಾಕ್ರಿ ಅಳಿಯಂದ್ರ. ಮುಂದ ಒತ್ರಿ."

ಆಯಸ್ಕಾಂತ ಮುಂದೆ ಹೋಗಿ ಕೊನೆಯ ಮೂಲೆಗೂ ಅಂಟಿತು. ದೊಡ್ಡವ್ವ ಅದರ ಮೇಲೆ ಅಂಗೈ ಇಟ್ಟಳು.

"ಅದು ಬಾಯಿ. ಅದನ್ನ ಬಿಡ್ರಿ."

"ಅಲ್ಲೂ ಕಚ್ಚತಲ್ಲ, ದೊಡ್ಡವ್ವ," ಎಂದೆ.

"ಹುಕ್ಕ ಇದ್ದೀತು. ಬಾಯಾಗಿನ ತುತ್ತು ಕಸಗೋತಾರೇನವ್ವ? ನೀ ಬಾಕಿದ್ದು ಬಿಚ್ಚು."

ಬಾಕಿದ್ದನ್ನೆಲ್ಲ ಬಿಚ್ಚಿದೆವು. ಸಂಜೆಯ ಹೊತ್ತಿಗೆ ಕೌದಿ ಮತ್ತೆ ಹಳೆಯ ಸೀರೆಗಳ ಗುಡ್ಡವಾಯಿತು. ಇಡೀ ಮನೆಯಲ್ಲಿ ಹೊಲಿಗೆ ಉಳಿದದ್ದು ಒಂದೇ ಮೂಲೆಯಲ್ಲಿ, ಅದು ದೊಡ್ಡವ್ವನ ಮುಷ್ಟಿಯಲ್ಲಿ. ಅಲ್ಲಿಯವರೆಗೆ ಕೂಸನ್ನು ಭುಜದ ಮೇಲೆ ಹಾಕಿಕೊಂಡು ಓಡಾಡುತ್ತಿದ್ದ ಸುಮಾ ಅವಳ ಎದುರಿಗೆ ಬಂದು ಕೂತಳು.

"ದೊಡ್ಡವ್ವ, ಕೂಸು ರಾತ್ರಿ ಅತ್ತರ ಅಳಲಿ, ನಾ ಎತ್ಗೋತೀನಿ. ಚುಚ್ಚಿದ್ರ ಏನ್ ಮಾಡ್ಲಿ ಹೇಳು."

ದೊಡ್ಡವ್ವ ಮುಷ್ಟಿ ಬಿಚ್ಚಿದಳು. ಹಲ್ಲಿನಿಂದಲೇ ದಾರ ಕಡಿದಳು. ತೇಪೆ ಮಗುಚಿದಳು. ಹೋಳಿಗೆಯ ತುಣುಕಿನಲ್ಲಿ ಸೂಜಿ ಅಡ್ಡಲಾಗಿ ಚುಚ್ಚಿಕೊಂಡಿತ್ತು. ಒಂದು ಸೂಜಿಗೆ ದಾರ ಪೋಣಿಸುವಾಗ ಇನ್ನೊಂದನ್ನು ಕೈಗೆ ಸಿಕ್ಕಿದ್ದಕ್ಕೆ ಚುಚ್ಚಿಡುವುದು ಅವಳ ರೂಢಿ. ಆ ಹೊತ್ತಿಗೆ ಅವಳ ಕೈಯಲ್ಲಿ ಇದ್ದದ್ದು ಹೋಳಿಗೆ. ಅವಳು ಸೂಜಿಯನ್ನು ಕಿತ್ತು, ಸೆರಗಿಗೆ ಒರೆಸಿ ಡಬ್ಬಿಗೆ ಹಾಕಿದಳು.

"ಅಂದ್ರ, ಕಳದಿದ್ದಿಲ್ಲ," ಎಂದಳು.

ಮಹೇಶ ಗೋಡೆಯ ಕಡೆ ಮುಖ ಮಾಡಿಕೊಂಡು ಕೆಮ್ಮಿದ. ನನಗೆ ನಗು ಬರಲಿಲ್ಲ. ಆ ಮೂಲೆಗೂ ಕೂಸಿನ ಹಿಮ್ಮಡಿಗೂ ಒಂದು ಗೇಣು ಅಂತರವಿತ್ತು. ಆ ಗೇಣನ್ನು ನಾನು ಆಮೇಲೆ ದಿನಾ ಅಳೆದಿದ್ದೇನೆ. ತರಗತಿಯಲ್ಲಿ ಹಾಜರಿ ಕರೆಯುವಾಗ, ರೊಟ್ಟಿ ಮುರಿಯುವಾಗ, ಕಣ್ಣು ಮುಚ್ಚಿದರೆ ಸಾಕು, ಕೂಸು ಕಾಲು ಎತ್ತುತ್ತಿತ್ತು.

ಊರಿಗೆ ಮರಳಿದ ಮೇಲೆ ದೊಡ್ಡವ್ವ ಬಟ್ಟೆಯ ಗಂಟನ್ನು ನನ್ನ ಮುಂದೆ ಇಟ್ಟಳು. "ಬಿಚ್ಚಾಕ ಬಂತಲ್ಲ, ಇನ್ನ ಹೊಲಿ." ತಾನು ಸೂಜಿ ಮುಟ್ಟಲಿಲ್ಲ. ನಿದ್ದೆ ಬಾರದೆ ನಾನು ಮಗ್ಗುಲು ಬದಲಿಸಿದಾಗಲೆಲ್ಲ ಆಚೆ ಕೋಣೆಯಲ್ಲಿ ಅವಳ ಬಳೆಯ ಸದ್ದೂ ಕೇಳುತ್ತಿತ್ತು. ನಾನು ಹುಕ್ಕುಗಳನ್ನೆಲ್ಲ ಕಿತ್ತೆ. ಒಂದೇ ಸೂಜಿ ಇಟ್ಟುಕೊಂಡು ಅದಕ್ಕೆ ಕೆಂಪು ದಾರ ಹಾಕಿದೆ, ಬಿದ್ದರೆ ಕಾಣಲಿ ಎಂದು. ನಿಜವಾಗಿ ಹೊಲಿಯಲು ಕಲಿತದ್ದು ಆಗಲೇ. ನನ್ನ ಸಾಲಿನ ಆಡು ಈಗಲೂ ಅಲ್ಲಲ್ಲಿ ದಾರಿ ಬಿಡುತ್ತದೆ, ಆದರೆ ಊರು ಮುಟ್ಟುತ್ತದೆ.

ಮತ್ತೆ ಹುಮನಾಬಾದಿಗೆ ಹೋದೆವು. ಹೋಳಿಗೆಯ ತುಣುಕನ್ನು ಮಹೇಶನೇ ನಾಲ್ಕು ಸಲ ಮುರಿದು ನೋಡಿ ಕೊಟ್ಟ. ಬಾಯಿ ಮುಚ್ಚಿದ ಮೇಲೆ ನಾನು ಸೂಜಿಯನ್ನು ಎತ್ತಿ ಎಲ್ಲರಿಗೂ ತೋರಿಸಿ, ಬೇರೆ ಕೋಣೆಗೆ ಒಯ್ದು ಕಪಾಟಿನಲ್ಲಿಟ್ಟು ಬಂದೆ. ಕೂಸಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡೆ, ಬೆಳಗಿನವರೆಗೆ ಎಚ್ಚರವಿದ್ದು ಕಾಯಬೇಕೆಂದು.

ಆಮೇಲೆ ನನಗೆ ಗೊತ್ತಾದದ್ದು ಕುಕ್ಕರಿನ ಸೀಟಿ. ಅಂಗಳದಲ್ಲಿ ಬಿಸಿಲು ಬಿದ್ದಿತ್ತು. ಕೂಸು ಕೌದಿಯ ಮೇಲೆ ಬಾಯಿ ತೆರೆದು ಮಲಗಿತ್ತು. ಅದರಾಚೆ ಗೋಡೆಗೊರಗಿ ದೊಡ್ಡವ್ವ ಕೂತಿದ್ದಳು, ಕಣ್ಣು ಕೆಂಪಾಗಿತ್ತು.

"ನೀ ಮಲಗಲಿಲ್ಲೇನು?"

"ನಿನ್ನ ಹೊಲಿಗಿ ನಂಬಿ ಮಲಗಲೇನು? ಸುಮಾ ಎರಡು ಸಲ ಎದ್ದು ಹಾಲು ಕುಡಿಸಿದಳು, ಕೂಸು ಮತ್ತ ಇದರ ಮ್ಯಾಲೇ ಮಲಗೇದ. ನಿನಗ ಅದರ ಖಬರೂ ಇಲ್ಲ." ಗೋಡೆ ಬಿಟ್ಟು ಎದ್ದು ಬಂದು, "ಆಚೆ ಸರಿ ಸ್ವಲ್ಪ," ಎಂದಳು.

ಸರಿದೆ. ಅವಳು ಕೂಸಿನ ಪಕ್ಕದಲ್ಲಿ ಕಾಲು ಮಡಚಿ, ಕೌದಿಯ ಅಂಚಿಗೆ, ನನ್ನ ಹೊಲಿಗೆ ಎಲ್ಲಕ್ಕಿಂತ ಸೊಟ್ಟಗಾದ ಕಡೆಗೇ ಕೆನ್ನೆ ಇಟ್ಟಳು. ಉಪ್ಪಿಟ್ಟು ಆರಿತು. ಬಸವಕಲ್ಯಾಣದ ಬಸ್ಸು ಹೋಯಿತು, ಅದರ ನಂತರದ್ದೂ ಹೋಯಿತು. ನಾವು ಯಾರೂ ಅವಳನ್ನು ಎಬ್ಬಿಸಲಿಲ್ಲ.